ಕಾಪಿ ಮಾಡಿದರೂ ಫೈಲಿನ ತಾರೀಖು, ಮಾಲೀಕ ಬದಲಾಗದಿರಲು

ಒಮ್ಮೆ ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಹತ್ತು ವರ್ಷದ ಫೈಲುಗಳನ್ನು ಸಾಗಿಸಿದೆ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಲಾಗಿನ್ ಆಗಿ, ಡೈರೆಕ್ಟರಿಗಳನ್ನು ಒಳಗಿರುವುದರ ಸಮೇತ ಕಾಪಿ ಮಾಡುವ 'ಸಿಪಿ ಮೈನಸ್ ಆರ್' ಕಮಾಂಡ್ ಕೊಟ್ಟು ಸುಮ್ನೆ ಕೂತೆ. ಮುಗಿದ ಮೇಲೆ ನೋಡಿದರೆ ಎಲ್ಲದಕ್ಕೂ ಅವತ್ತಿನದೇ ತಾರೀಖು, ಎಲ್ಲದಕ್ಕೂ ರೂಟೇ ಮಾಲೀಕ! ಒಳಗಿನ ಒಂದು ಅಕ್ಷರವೂ ಕಳೆದಿರಲಿಲ್ಲ. ಆದರೆ ಯಾವುದು ಹಳೆಯದು, ಯಾವುದು ಯಾರದು ಎಂಬ ಗುರುತೇ ಹೋಗಿತ್ತು. ಹಳೆಯ ಡಿಸ್ಕ್ ಇನ್ನೂ ಕೈಯಲ್ಲಿದ್ದದ್ದಕ್ಕೆ ಬಚಾವಾದೆ.

ಯೂನಿಕ್ಸ್‌ನಲ್ಲಿ ಮಾಲೀಕ, ಗ್ರೂಪ್, ಪರ್ಮಿಶನ್, ತಿದ್ದಿದ ಸಮಯ ಇವೆಲ್ಲ ಇರುವುದು ಫೈಲಿನ ಒಳಗಲ್ಲ, ಐನೋಡ್‌ನಲ್ಲಿ, ಅಂದರೆ ಫೈಲಿನ ವಿವರಗಳನ್ನು ಬರೆದಿಡುವ ಬೇರೆ ದಾಖಲೆಯಲ್ಲಿ. ಕಾಪಿ ಮಾಡಿದಾಗ ಹೊಸ ಐನೋಡ್ ಹುಟ್ಟುತ್ತದೆ. ಹಳೆಯ ವಿವರ ಬೇಕು ಅಂತ ನಾವೇ ಹೇಳಬೇಕು.

ಮೊದಲು ರೂಟ್ ಆಗಿ. ಬೇರೆಯವರ ಹೆಸರಲ್ಲಿ ಫೈಲ್ ಇಡುವ ಅಧಿಕಾರ ಇರುವುದು ಅದಕ್ಕೇ. ಹೊಸ ಡಿಸ್ಕಿನ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಯಾವುದು ಅಂತಲೂ ನೋಡಿ. ಪೆನ್‌ಡ್ರೈವ್‌ಗಳಲ್ಲಿ ಸಿಗುವ ಫ್ಯಾಟ್‌ನಲ್ಲಿ ಮಾಲೀಕನ ಹೆಸರು ಬರೆಯಲು ಜಾಗವೇ ಇಲ್ಲ.

ಯೂನಿಕ್ಸ್ ಮಾದರಿಯ ಲಿನಕ್ಸ್ ಆದರೆ 'ಸಿಪಿ ಮೈನಸ್ ಎ' ಸಾಕು. ಸಿಂಬಾಲಿಕ್ ಲಿಂಕ್ (ಇನ್ನೊಂದು ಫೈಲಿನ ದಾರಿ ತೋರಿಸುವ ಫೈಲ್) ಲಿಂಕಾಗಿಯೇ ಬರುತ್ತದೆ, ಹಾರ್ಡ್ ಲಿಂಕ್ (ಒಂದೇ ಫೈಲಿಗಿರುವ ಇನ್ನೊಂದು ಹೆಸರು) ಕೂಡ ಉಳಿಯುತ್ತದೆ. ಈ ಆಯ್ಕೆ ಇಲ್ಲದ ಹಳೆಯ ಯೂನಿಕ್ಸ್‌ನಲ್ಲಿ ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ ಟಾರ್ ಕಮಾಂಡ್ ಬಳಸಿ: ಒಂದು ಟಾರ್ ಕಟ್ಟುತ್ತಾ ಪೈಪ್‌ಗೆ (ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಸಾಗಿಸುವ ದಾರಿ) ಕೊಡಲಿ, ಇನ್ನೊಂದು ಹೊಸ ಜಾಗದಲ್ಲಿ ಬಿಚ್ಚಲಿ. ಬಿಚ್ಚುವ ಕಡೆ 'ಪಿ' ಸೇರಿಸುವುದನ್ನು ಮರೆಯಬೇಡಿ, ಪರ್ಮಿಶನ್ ಉಳಿಸುವುದು ಅದೇ.

ಜಾಸ್ತಿ ಫೈಲುಗಳಿದ್ದರೆ ನನ್ನ ಆಯ್ಕೆ ಆರ್‌ಸಿಂಕ್ ಎಂಬ ಕಾಪಿ ಕಮಾಂಡ್. ಕರೆಂಟ್ ಹೋಗಿ ನಿಂತರೂ ಮತ್ತೆ ಓಡಿಸಿದರೆ ಆಗಲೇ ಬಂದ ಫೈಲುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಇಲ್ಲಿ ಸಣ್ಣಕ್ಷರದ ಎ ಒಂದೇ ಸಾಲದು. ಹಾರ್ಡ್ ಲಿಂಕಿಗೆ ದೊಡ್ಡಕ್ಷರದ ಎಚ್, ಎಸಿಎಲ್‌ಗೆ (ಯಾರಿಗೆ ಏನು ಅನುಮತಿ ಎಂಬ ವಿವರವಾದ ಪಟ್ಟಿ) ದೊಡ್ಡಕ್ಷರದ ಎ, ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗೆ (ಫೈಲಿಗೆ ಅಂಟಿಸಿದ ಹೆಚ್ಚಿನ ವಿವರಗಳು) ದೊಡ್ಡಕ್ಷರದ ಎಕ್ಸ್ ಸೇರಿಸಿ. ಎಚ್ ಬಿಟ್ಟರೆ ಒಂದೇ ಫೈಲಿನ ಎರಡು ಹೆಸರು ಎರಡು ಬೇರೆ ಫೈಲುಗಳಾಗಿ, ಡಿಸ್ಕ್ ಜಾಗ ದುಪ್ಪಟ್ಟು ಹಿಡಿಯುತ್ತವೆ.

ಇನ್ನು ಸ್ಲ್ಯಾಶ್. 'ಫೋಟೋ' ಎಂಬ ಡೈರೆಕ್ಟರಿಯ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಒಳಗಿರುವುದು ಮಾತ್ರ ಹೋಗುತ್ತದೆ. ಹಾಕದಿದ್ದರೆ ಹೊಸ ಜಾಗದೊಳಗೆ 'ಫೋಟೋ' ಎಂಬ ಡೈರೆಕ್ಟರಿಯೇ ಹುಟ್ಟುತ್ತದೆ. ನಾನು ಪ್ರತಿ ಸಲವೂ ಇದನ್ನು ಎರಡು ಬಾರಿ ನೋಡುತ್ತೇನೆ. ಮೈನಸ್ ಎನ್ ಮತ್ತು ವಿ ಸೇರಿಸಿದರೆ ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ, ಅಲ್ಲೇ ತಪ್ಪು ಗೊತ್ತಾಗುತ್ತದೆ ಅಲ್ವಾ?

ಕಾಪಿ ಮುಗಿದ ಮೇಲೆ ಅದೇ ಕಮಾಂಡನ್ನು ಎನ್, ಐ, ಸಿ ಈ ಮೂರು ಸಣ್ಣಕ್ಷರ ಸೇರಿಸಿ ಇನ್ನೊಮ್ಮೆ ಓಡಿಸಿ. ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದುವುದರಿಂದ ಹೊತ್ತು ಹಿಡಿಯುತ್ತದೆ. ಒಂದು ಸಾಲೂ ಬರದೆ ಪ್ರಾಂಪ್ಟ್ ವಾಪಸ್ ಬಂದರೆ ಎರಡು ಕಡೆಯೂ ಒಂದೇ. ಹಳೆಯ ಡಿಸ್ಕನ್ನು ಅಳಿಸುವುದಿದ್ದರೆ ಆಮೇಲೆ.