ಹದಿಹರೆಯದ ಮಕ್ಕಳ ಕೈಯಾಗ ದೊಡ್ಡವರ ಪುಸ್ತಕ: ಮನೆಯಲ್ಲಿ ನಾವು ಮಾಡುವ ರೀತಿ

ಸಿನೆಮಾಕ್ಕೆ ಪ್ರಮಾಣಪತ್ರ ಇದೆ. 2024ರಿಂದ ಅದರಲ್ಲೂ ಯುಎ 7+, 13+, 16+ ಎಂದು ಮೂರು ಮೆಟ್ಟಿಲಾಗಿವೆ. ಓಟಿಟಿಯವರೂ 2021ರ ನಿಯಮದಂತೆ ವಯಸ್ಸು ತೋರಿಸಬೇಕು. ಪುಸ್ತಕಕ್ಕೆ ಮಾತ್ರ ಇಂಥ ಕಡ್ಡಾಯದ ಮುದ್ರೆ ಇಲ್ಲ. ಹನ್ನೆರಡರ ಮಗು ಓದುವುದೂ ಇಪ್ಪತ್ತೈದರವರು ಓದುವುದೂ ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿ ಇರುತ್ತವೆ. ಹೀಗಾಗಿ ನೋಡುವ ಕೆಲಸ ಮನೆಯವರ ಮೇಲೇ ಬರುತ್ತದೆ.

ಮೊದಲು, ಮುಖಪುಟ ನಂಬಬೇಡಿ. ಈಗಿನ ಇಂಗ್ಲಿಷ್ ಪ್ರೇಮಕಾದಂಬರಿಗಳ ಮುಖಪುಟ ತಿಳಿಗುಲಾಬಿ ಬಣ್ಣ, ಕಾರ್ಟೂನ್ ಜೋಡಿ, ಹೂಬಳ್ಳಿ. ಒಳಗೆ ಮಲಗುವ ಕೋಣೆಯ ಪೂರ್ತಿ ವಿವರ. ಬ್ಯಾಡಗಿ ಮೆಣಸಿನಕಾಯಿ ಬಣ್ಣದಲ್ಲಿ ಕಡುಗೆಂಪು, ಖಾರದಲ್ಲಿ ಸೌಮ್ಯ. ಇಲ್ಲಿ ಅದರ ಉಲ್ಟಾ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಪುಸ್ತಕ ಹೊಗಳುವವರು ‘ಸ್ಪೈಸಿ’ ಎಂದರೆ, ಮೆಣಸಿನಕಾಯಿ ಚಿತ್ರ ಹಾಕಿದರೆ, ಅದು ಲೈಂಗಿಕ ದೃಶ್ಯಗಳ ಲೆಕ್ಕ. ‘ಯಂಗ್ ಅಡಲ್ಟ್’ ಎಂದರೆ ಹದಿಹರೆಯದವರಿಗೆ ಬರೆದದ್ದು. ‘ನ್ಯೂ ಅಡಲ್ಟ್’ ಎಂದರೆ ಹದಿನೆಂಟು ದಾಟಿದವರಿಗೆ. ಈ ಒಂದು ಶಬ್ದದ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ಹದಿಮೂರರ ಮಕ್ಕಳಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಇಂಥವನ್ನೇ ಕೊಡುತ್ತಾರೆ.

ಒಂದು ಪುಸ್ತಕ ನೋಡಲು ನಮಗೆ ಹತ್ತು-ಹದಿನೈದು ನಿಮಿಷ ಸಾಕು. ಮೊದಲು ಶೀರ್ಷಿಕೆಯ ಹಿಂದಿನ ಪುಟ ಮತ್ತು ಅದರ ಆಚೀಚೆ: ಲೇಖಕರೇ ‘ಈ ಕಥೆಯಲ್ಲಿ ಇಂಥಿಂಥದ್ದು ಇದೆ’ ಎಂದು ಎಚ್ಚರಿಕೆ ಕೊಟ್ಟಿದ್ದರೆ ಅಲ್ಲಿರುತ್ತದೆ. ರಸ್ತೆಬದಿಯ ಅಗ್ಗದ ನಕಲು ಪ್ರತಿಗಳಲ್ಲಿ, ಕೈಯಿಂದ ಕೈಗೆ ಬರುವ ಪಿಡಿಎಫ್‌ಗಳಲ್ಲಿ ಈ ಪುಟ ಬಿಟ್ಟುಹೋಗಿರಬಹುದು. ಆಮೇಲೆ ‘ಸ್ಟೋರಿಗ್ರಾಫ್’ ತಾಣದಲ್ಲಿ ಪುಸ್ತಕದ ಹೆಸರು ಹಾಕಿ ನೋಡುತ್ತೇವೆ. ಹಿಂಸೆ, ಬಲಾತ್ಕಾರ, ಆತ್ಮಹತ್ಯೆ ಇತ್ಯಾದಿ ಎಷ್ಟು ತೀವ್ರವಾಗಿ ಬಂದಿವೆ ಎಂದು ಓದುಗರೇ ಮೂರು ಹಂತದಲ್ಲಿ ಗುರುತಿಸಿರುತ್ತಾರೆ. ಕೊನೆಗೆ ಪುಸ್ತಕದ ನಡುಭಾಗ ತೆರೆದು, ಮುಕ್ಕಾಲು ಭಾಗದವರೆಗೆ ಅಲ್ಲಲ್ಲಿ ನಾಲ್ಕೈದು ಪುಟ ಓದುತ್ತೇವೆ. ಮೊದಲ ಅಧ್ಯಾಯ ಓದಿ ‘ಏನೂ ಇಲ್ಲ’ ಎನ್ನುವುದು ದೊಡ್ಡ ತಪ್ಪು. ಕಿಂಡಲ್‌ನಲ್ಲಿ ಉಚಿತವಾಗಿ ಸಿಗುವ ತುಣುಕು ಪುಸ್ತಕದ ಆರಂಭದ್ದೇ ಆಗಿರುತ್ತದೆ, ಗಟ್ಟಿ ದೃಶ್ಯಗಳು ಬರುವುದು ಅದರಾಚೆ.

ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಪುಸ್ತಕಗಳ ವಿಷಯ ಸುಲಭ. ವಿಜ್ ಪ್ರಕಾಶನದವರು ಟಿ ಎಂದರೆ 13, ಟಿ+ ಎಂದರೆ 16, ಎಂ ಎಂದರೆ 18 ಎಂದು ಪುಸ್ತಕದ ಮೇಲೇ ಹಾಕುತ್ತಾರೆ. ಕನ್ನಡ ಪುಸ್ತಕಕ್ಕೆ ಇಂಥ ಯಾವ ಸಹಾಯವೂ ಇಲ್ಲ, ಕುಳಿತು ಓದುವುದೇ ದಾರಿ. ಧಾರವಾಡದ ಸುಭಾಷ ರಸ್ತೆಯ ಹಳೆಯ ಪುಸ್ತಕದಂಗಡಿಯವರನ್ನು ಕೇಳಿದರೂ ಆದೀತು. ಓದಿ ಮಾರುವವರು ಇನ್ನೂ ಇದ್ದಾರೆ.

ಫೋನಿನಲ್ಲಿ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್ ಒತ್ತಿ ಪಿನ್ ಹಾಕಬಹುದು. ಅದು ಆ ಅಂಗಡಿಯಲ್ಲಿ ಸಿಗುವುದಕ್ಕಷ್ಟೇ ಬೇಲಿ. ಬ್ರೌಸರ್, ಟೆಲಿಗ್ರಾಂ, ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಅದನ್ನು ದಾಟಿ ಬರುತ್ತವೆ. ಅಭಿಮಾನಿಗಳು ತಮ್ಮ ಮೆಚ್ಚಿನ ಪಾತ್ರಗಳ ಮೇಲೆ ಕಥೆ ಬರೆಯುವ ಎಓ3 ತಾಣದಲ್ಲಿ ‘ಜನರಲ್’, ‘ಟೀನ್’, ‘ಮೆಚೂರ್’, ‘ಎಕ್ಸ್‌ಪ್ಲಿಸಿಟ್’ ಎಂಬ ವರ್ಗಗಳಿವೆ; ಆದರೆ ‘ಮುಂದೆ ಹೋಗು’ ಎಂದು ಒತ್ತಿದರೆ ಬಾಗಿಲು ತೆರೆಯುತ್ತದೆ. ಹುಡುಕುವಾಗಲೇ ಕೊನೆಯ ಎರಡು ವರ್ಗ ಹೊರಗಿಡುವುದನ್ನು ಮಕ್ಕಳಿಗೇ ಕಲಿಸಿದ್ದೇವೆ. ಬೇಡದ್ದು ಕಣ್ಣಿಗೆ ಬೀಳದಿರಲಿ ಎನ್ನುವ ಆಸೆ ಮಕ್ಕಳಿಗೂ ಇರುತ್ತದೆ, ಇದನ್ನು ಪಾಲಕರು ಮರೆಯುತ್ತಾರೆ.

ಇನ್ನು ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ? ಪುಸ್ತಕದಲ್ಲಿ ಕಾಮ ಇದೆಯೋ ಇಲ್ಲವೋ ಎಂಬುದರ ಮೇಲೆ ನಾವು ಇದನ್ನು ನಿರ್ಧರಿಸುವುದಿಲ್ಲ. ಗದಗಿನ ಕುಮಾರವ್ಯಾಸನಲ್ಲಿ ದ್ರೌಪದಿಯ ಸೀರೆ ಸೆಳೆಯುವುದಿದೆ, ಕೀಚಕನ ಪೀಡೆ ಇದೆ. ಗಮಕದಲ್ಲಿ ಅದನ್ನು ಮನೆಮಂದಿಯೆಲ್ಲ ಕೂತು ಕೇಳುತ್ತೇವೆ. ಅಲ್ಲಿ ನಡೆದದ್ದು ಅನ್ಯಾಯ ಎಂದು ಕಾವ್ಯಕ್ಕೆ ಗೊತ್ತಿದೆ, ಕೇಳುವವರಿಗೂ ಗೊತ್ತಾಗುತ್ತದೆ. ಅದಕ್ಕೇ ನಾವು ನೋಡುವುದು ಎರಡೇ: ಕಥೆಯಲ್ಲಿ ಯಾರಿಗಾದರೂ ನೋವಾಗಿದೆಯೇ? ಅದು ನೋವು ಎಂದು ಪುಸ್ತಕಕ್ಕೆ ಗೊತ್ತಿದೆಯೇ? ಹುಡುಗಿ ಬೇಡವೆಂದರೂ ಬೆನ್ನು ಬೀಳುವ, ಅವಳ ಫೋನು ಕಸಿದು ನೋಡುವ, ಬಾಗಿಲಿಗೆ ಚಿಲಕ ಹಾಕುವ ನಾಯಕನನ್ನು ‘ಎಷ್ಟು ಪ್ರೀತಿ’ ಎಂದು ತೋರಿಸುವ ಪುಸ್ತಕದಲ್ಲಿ ಒಂದು ಮುತ್ತೂ ಇಲ್ಲದಿರಬಹುದು. ನಮಗೆ ಭಯ ಅದರದೇ. ಇಬ್ಬರೂ ಒಪ್ಪಿ ಹತ್ತಿರವಾಗುವ ದೃಶ್ಯ ಹದಿನಾರರ ಮಗುವಿಗೆ ಅಷ್ಟು ಕೆಡುಕಲ್ಲ. ಹದಿನೈದರ ಹುಡುಗಿ, ಮೂವತ್ತರ ಗಂಡಸಿನ ‘ಪ್ರೇಮಕಥೆ’ ಬಂದರೆ 2012ರ ಪೋಕ್ಸೊ ಕಾನೂನಿನ ಮಾತನ್ನು ನೇರವಾಗಿ ಎತ್ತುತ್ತೇವೆ: ಹದಿನೆಂಟರೊಳಗಿನವರು ಮಕ್ಕಳು, ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಈ ಮಾತುಕತೆಗೆ ಎದುರುಬದುರು ಕೂರುವುದು ಬೇಡ, ಮಕ್ಕಳ ಗಂಟಲು ಕಟ್ಟುತ್ತದೆ. ಅವರೆಕಾಯಿ ಸುಲಿಯುವಾಗ, ಕೆಲಗೇರಿ ಕೆರೆ ದಂಡೆಗೆ ಅಡ್ಡಾಡಲು ಹೋದಾಗ, ಕಣ್ಣು ಬೇರೆ ಕಡೆ ಇರುವಾಗ ಬಾಯಿ ಬಿಡುತ್ತಾರೆ. ನಾವು ಅದೇ ಪುಸ್ತಕ ಓದಿರಬೇಕು, ಕನಿಷ್ಠ ಅರ್ಧವಾದರೂ. ‘ಇಂಥಾದ್ದು ಯಾಕ ಓದ್ತೀ?’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಆಕಿ ಬ್ಯಾಡ ಅಂದಮ್ಯಾಲೂ ಆಂವ ಯಾಕ ಬಂದಾ? ನಿನ್ನ ಗೆಳತಿಗೆ ಯಾರರೆ ಹಂಗ ಮಾಡಿದ್ರ ನೀ ಏನಂತೀ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹತ್ತು ನಿಮಿಷದೊಳಗೆ ಮುಗಿಸುವುದು.

ಪುಸ್ತಕ ಕಸಿದರೆ ಓದು ನಿಲ್ಲುವುದಿಲ್ಲ, ಹೊದಿಕೆಯೊಳಗಿನ ಫೋನಿಗೆ ಹೋಗುತ್ತದೆ, ಆಗ ಕೇಳಲು ನಮಗೆ ದಾರಿಯೇ ಇರುವುದಿಲ್ಲ. ‘ಈಗ ಬ್ಯಾಡ’ ಎನ್ನಬೇಕಾದಾಗ ಕಾರಣ ಹೇಳಿ, ತಿಂಗಳು-ವರ್ಷ ಬರೆದು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸುತ್ತೇವೆ. ಆ ದಿನ ಬಂದಾಗ ಕೊಡಲೇಬೇಕು. ಬೇಡವೆಂದ ದಿನವೇ ಅದೇ ಜಾತಿಯ ಇನ್ನೊಂದು ಪುಸ್ತಕ ಕೈಗಿಡಬೇಕು, ಇಲ್ಲದಿದ್ದರೆ ಹಸಿವು ಹಾಗೇ ಉಳಿಯುತ್ತದೆ. ಅಪ್ಪ ಹೂಂ, ಅವ್ವ ಉಹೂಂ ಎಂದರೆ ಇಡೀ ವ್ಯವಸ್ಥೆ ಕೆಡುತ್ತದೆ. ಮೊದಲು ಇಬ್ಬರೂ ಒಂದು ಮಾತಿಗೆ ಬರಬೇಕು. ಅಜ್ಜ-ಅಜ್ಜಿಗೂ ತಿಳಿಸಿರಬೇಕು. ಯಾವ ಪುಸ್ತಕವನ್ನೂ ಅರ್ಧಕ್ಕೆ ಬಿಡಬಹುದು ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ತಮ್ಮನ್ನೇ ಗಾಯ ಮಾಡಿಕೊಳ್ಳುವ, ಸಾಯುವ ಕಥೆಗಳನ್ನು ಮಾತ್ರ ನಾವು ಬೇರೆ ಇಡುತ್ತೇವೆ. ದುಃಖದ ಕಥೆ ಓದಬೇಡ ಎಂದು ಹೇಳುವುದಿಲ್ಲ. ಸಾಯುವ ವಿಧಾನವನ್ನು ಬಿಡಿಬಿಡಿಯಾಗಿ ಬರೆದಿದ್ದರೆ ಕೊಡುವುದಿಲ್ಲ. ಮಗು ಅದೇ ಪುಟಗಳನ್ನು ಮತ್ತೆ ಮತ್ತೆ ಓದುತ್ತಿದ್ದರೆ, ಅಂಥ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ, ‘ಸಾಯಬೇಕು ಅನಸ್ತದೇನು?’ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು; ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹೋಗುವಾಗ ಆ ಪುಸ್ತಕವನ್ನೂ ಮಗುವಿಗೆ ಹೇಳಿಯೇ ಚೀಲದಲ್ಲಿ ಇಟ್ಟುಕೊಳ್ಳಿ. ಗೆರೆ ಎಳೆದ ಸಾಲುಗಳನ್ನು ವೈದ್ಯರು ನೋಡಬೇಕು.