ಕಾನೂನು ಸಲಹೆಗೆ ಹೊರಳುವ ವೈದ್ಯರು ತಿಳಿದಿರಬೇಕಾದದ್ದು

ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ, ಚಿಕಿತ್ಸೆಯ ಕಡತವನ್ನು ಓದಿ ಅದರಲ್ಲಿ ನಿರ್ಲಕ್ಷ್ಯವಿದೆಯೇ ಎಂದು ಹೇಳಬಲ್ಲ ವೈದ್ಯರು ವಕೀಲರಿಗೂ ಆಸ್ಪತ್ರೆಗಳಿಗೂ ವಿಮಾ ಕಂಪನಿಗಳಿಗೂ ಬೇಕಾದರು. ಕ್ರಿಮಿನಲ್ ದೂರಿನಲ್ಲಿ ತನಿಖಾಧಿಕಾರಿಯು ಸ್ವತಂತ್ರ ಅಭಿಪ್ರಾಯವನ್ನು ಆದಷ್ಟು ಮಟ್ಟಿಗೆ ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಂದಲೇ ಪಡೆಯಬೇಕೆಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿರುವುದರಿಂದ, ಖಾಸಗಿ ಸಲಹೆಗಾರರು ಗ್ರಾಹಕ ಆಯೋಗದ ಪ್ರಕರಣಗಳತ್ತಲೇ ಮೊದಲು ಗಮನ ಕೊಡುವುದು ಒಳ್ಳೆಯದು.

ಸಲಹೆಗಾರರಾಗುವಿರೋ ವಕೀಲರಾಗುವಿರೋ ಎಂಬುದನ್ನು ಆರಂಭದಲ್ಲೇ ತೀರ್ಮಾನಿಸಿಕೊಳ್ಳಿ. ವೈದ್ಯ ಪದವೀಧರರು ಮೂರು ವರ್ಷದ ಎಲ್‌ಎಲ್‌ಬಿ ಓದಬಹುದಾದರೂ, ವೈದ್ಯವೃತ್ತಿಯನ್ನು ಬಿಡದೆಯೇ ವಕೀಲರಾಗಿ ನೋಂದಾಯಿಸಿಕೊಳ್ಳಲು ಬಯಸಿದ ಮಹಾರಾಷ್ಟ್ರದ ವೈದ್ಯರೊಬ್ಬರ ಕೋರಿಕೆಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ತಳ್ಳಿಹಾಕಿದೆ. ತಜ್ಞ ಅಭಿಪ್ರಾಯ ನೀಡಲು ಕಾನೂನು ಪದವಿ ಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ನಡೆಸುತ್ತಾ ಬಂದಿರುವ ವೈದ್ಯಕೀಯ ಕಾನೂನು ಮತ್ತು ನೀತಿಯ ಸ್ನಾತಕೋತ್ತರ ಡಿಪ್ಲೊಮಾದಂತಹ ಓದು ಅಡಿಪಾಯಕ್ಕೆ ಸಾಕು. ಆದರೆ ರೋಗಿಗಳನ್ನು ನೋಡುವುದನ್ನು ಪೂರ್ತಿ ನಿಲ್ಲಿಸಬೇಡಿ ಎಂಬುದು ನನ್ನ ಖಚಿತ ಸಲಹೆ. ಈ ಶಸ್ತ್ರಚಿಕಿತ್ಸೆಯನ್ನು ನೀವು ಕೊನೆಯ ಬಾರಿ ಮಾಡಿದ್ದು ಯಾವಾಗ ಎಂದು ಪಾಟೀ ಸವಾಲಿನಲ್ಲಿ ಕೇಳಿದಾಗ ಉತ್ತರಿಸಲು ತಡವರಿಸುವ ತಜ್ಞರ ಮಾತಿಗೆ ತೂಕ ಉಳಿಯುವುದಿಲ್ಲ.

ಕೆಲಸದ ತಿರುಳಿರುವುದು ಕಡತದಲ್ಲಿ. ಡಿಸ್ಚಾರ್ಜ್ ಸಮ್ಮರಿಯೊಂದನ್ನೇ ಓದಿ ಅಭಿಪ್ರಾಯ ಕೊಡಬೇಡಿ. ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರ ಎಲ್ಲವನ್ನೂ ಕೇಳಿ ಪಡೆಯಿರಿ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿ ವಿಧಿಸುತ್ತದೆ. ಸಿಕ್ಕಿದ್ದನ್ನು ಗಂಟೆವಾರು ಜೋಡಿಸಿ, ಇಲ್ಲದ ಪುಟಗಳನ್ನೂ ಗುರುತಿಸಿ. ಅನಂತರ ಮೂರು ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸದೆ ಉತ್ತರಿಸಿ: ಆ ಹೊತ್ತಿನಲ್ಲಿ, ಆ ಸೌಲಭ್ಯದಲ್ಲಿ ಸಾಮಾನ್ಯ ನಿಪುಣತೆಯ ವೈದ್ಯರು ಏನು ಮಾಡುತ್ತಿದ್ದರು, ಇಲ್ಲಿ ಅದು ತಪ್ಪಿತೇ, ತಪ್ಪಿದ್ದರಿಂದಲೇ ಹಾನಿಯಾಯಿತೇ. ಮೂರನೆಯದರಲ್ಲೇ ಹೊಸಬರು ಹೆಚ್ಚಾಗಿ ಎಡವುತ್ತಾರೆ, ಏಕೆಂದರೆ ಲೋಪ ಕಂಡೊಡನೆ ಸಾವಿಗೆ ಅದೇ ಕಾರಣವೆಂದು ಬರೆದುಬಿಡುವ ಆತುರ ಸಹಜ. ಆಧಾರವನ್ನೂ ಕಾರಣಗಳನ್ನೂ ತೋರಿಸದ ತಜ್ಞ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟಿನ 2009ರ ರಮೇಶ್‌ಚಂದ್ರ ಅಗರ್‌ವಾಲ್ ತೀರ್ಪು ಸ್ಪಷ್ಟಪಡಿಸಿದೆ.

ಶುಲ್ಕವನ್ನು ಓದುವ ಸಮಯಕ್ಕೆ ತಕ್ಕಂತೆ ನಿಗದಿಪಡಿಸಿ, ಪರಿಹಾರದ ಮೊತ್ತದಲ್ಲಿ ಎಂದೂ ಪಾಲು ಕೇಳಬೇಡಿ. ನೀವು ದುಡಿದ ಆಸ್ಪತ್ರೆಯ ಅಥವಾ ನಿಮ್ಮ ಶಿಷ್ಯರ ಪ್ರಕರಣವನ್ನು ಒಪ್ಪಿಕೊಳ್ಳಬೇಡಿ. ಕಡತದಲ್ಲಿ ನಿರ್ಲಕ್ಷ್ಯ ಕಾಣದಿದ್ದರೆ, ದುಃಖದಲ್ಲಿರುವ ಕುಟುಂಬಕ್ಕೆ ಅದನ್ನು ಸಮಾಧಾನದಿಂದ, ಸರಳ ಮಾತಿನಲ್ಲಿ, ದೂರು ದಾಖಲಾಗುವ ಮೊದಲೇ ತಿಳಿಸಿ. ನಿರ್ಲಕ್ಷ್ಯ ಕಂಡರೂ ತಡಮಾಡುವಂತಿಲ್ಲ: ವ್ಯಾಜ್ಯಕಾರಣ, ಅಂದರೆ ದೂರು ಕೊಡಲು ಆಧಾರವಾದ ಸಂಗತಿ, ಉಂಟಾದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕಾದ್ದರಿಂದ, ಕಡತ ಕೈಗೆ ಬಂದ ದಿನವೇ ಆ ಗಡುವನ್ನು ವಕೀಲರೊಂದಿಗೆ ಖಚಿತಪಡಿಸಿಕೊಂಡು ನಿಮ್ಮ ಅಭಿಪ್ರಾಯದ ದಿನಾಂಕವನ್ನು ಗೊತ್ತುಮಾಡಿ.