ಕೌದಿಯ ತ್ರಿಕೋನದ ಸಾಲು 3 ಇಂಚು ಗಿಡ್ಡವಾಗಿದ್ದು ಯಾಕೆ

ಗ್ರಾಫ್ ಹಾಳೆಯ ಮೇಲೆ ಎಲ್ಲ ಕೂಡಿಬಂದಿತ್ತು: 4 ಇಂಚಿನ ಚೌಕಗಳು, ಒಂದು ಸಾಲು ಇಡೀ ಬಟ್ಟೆಯದು, ಮುಂದಿನದು ಎರಡು ಬಣ್ಣದ ತ್ರಿಕೋನ ಜೋಡಿಸಿದ್ದು. ಹೊಲಿದ ಮೇಲೆ 8 ಚೌಕದ ತ್ರಿಕೋನ ಸಾಲು 32ರ ಬದಲು 29 ಇಂಚಿಗೇ ನಿಂತಿತು.

ತಪ್ಪು ಹೊಲಿಗೆಯದಲ್ಲ, ಲೆಕ್ಕದ್ದು. ಕಾಲು ಇಂಚಿನ ಹೊಲಿಗೆಗೆ ಒಟ್ಟು ಅರ್ಧ ಇಂಚು ಹೆಚ್ಚು ಬಿಡುವುದು ಇಡೀ ಚೌಕಕ್ಕೆ ಸರಿ. ತ್ರಿಕೋನ ಮಾಡುವಾಗ ಓರೆ ಹೊಲಿಗೆ ಇನ್ನೂ 3/8 ಇಂಚು ನುಂಗುತ್ತದೆ. ಅಂದರೆ 4 ಇಂಚಿಗೆ ಕತ್ತರಿಸಬೇಕಾದ್ದು 4 7/8 ಇಂಚು.

ನಾನು ಈಗ 5 ಇಂಚೇ ಕತ್ತರಿಸುತ್ತೇನೆ. ಎರಡು ಬಣ್ಣದ ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ. ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಗೆ, ಆಮೇಲೆ ಗೆರೆಯ ಮೇಲೆ ಕತ್ತರಿ. ಎರಡು ಚೌಕ ಸಿಗುತ್ತವೆ. ಓರೆ ಅಂಚು ಎಳೆದರೆ ಹಿಗ್ಗುತ್ತದೆ. ಹೊಲಿದು ಕತ್ತರಿಸಿದರೆ ಆ ಕಾಟವಿಲ್ಲ. ಹಳೇ ಸೀರೆಯಂಥ ಮೆತ್ತನೆ ಬಟ್ಟೆಗೆ ಮೊದಲೇ ಗಂಜಿ ಹಾಕಿ. ಇಸ್ತ್ರಿಯನ್ನು ಒತ್ತಿ ಎತ್ತಿ, ಉಜ್ಜಬೇಡಿ. ಕೊನೆಗೆ ಹೊಲಿಗೆ ಸರಿಯಾಗಿ ಮೂಲೆಗೆ ಬರುವಂತೆ ಇಟ್ಟು 4 1/2 ಇಂಚಿಗೆ ಅಂಚು ಕತ್ತರಿಸಿ.

ಮಿಷನ್ ಕಾಲು ಇಂಚೇ ಹೊಲಿಯುತ್ತಿದೆಯೇ? ಒಂದೂವರೆ ಇಂಚಗಲದ 3 ಪಟ್ಟಿ ಜೋಡಿಸಿ ನೋಡಿ. ನಡುವಿನದು ಸರಿಯಾಗಿ 1 ಇಂಚು ಕಾಣಬೇಕು. ಕಡಿಮೆಯಾದರೆ ಸೂಜಿಯಿಂದ ಕಾಲು ಇಂಚು ದೂರಕ್ಕೆ ಟೇಪ್ ಅಂಟಿಸಿ, ಅದನ್ನೇ ಹಿಡಿದು ಹೊಲಿಯಿರಿ.